ಕಡೇ ದಿನದ ಕಂತು

ಗಂಗಣ್ಣ ಆ ಚೀಲವನ್ನು ಕೋಲಿನ ತುದಿಯಲ್ಲಿ ಎತ್ತಿ ಅಟ್ಟಕ್ಕೆ ಎಸೆಯಲು ಹೊರಟಿದ್ದ. ಗಂಡನ ಹೆಣದ ಕಾಲ ಬಳಿ ಕುಳಿತಿದ್ದ ಲಕ್ಷ್ಮೀದೇವಮ್ಮ ಅಳು ನಿಲ್ಲಿಸಿ, "ಅದನ್ನ ಅಲ್ಲೇ ಇಡು ಗಂಗಣ್ಣ" ಎಂದಳು.

"ಸತ್ತೋರ ಚೀಲ ಅತ್ಗೆ. ಹನ್ನೊಂದು ದಿನ ಕಳೀಲಿ, ಆಮೇಲೆ ನೋಡಾನ."

"ಅದ್ರಲ್ಲಿರೋದು ಅವರ ದುಡ್ಡಲ್ಲ. ಊರೋರ ಇನ್ಶೂರೆನ್ಸ್ ಕಂತು. ಬೆಂಗಳೂರಲ್ಲಿ ಕಟ್ಟೋಕೆ ಇವತ್ತೇ ಕಡೇ ದಿನ."

ಮೈದುನ ಅವಳನ್ನು ಕನಿಕರದಿಂದ ನೋಡಿದ. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. "ಸಾವಿನ ಮನೆ ಅಂದ್ರೆ ಎಂಥಾ ಸಾಹೇಬನಾದ್ರೂ ನಾಲ್ಕು ದಿನ ತಡೀತಾನೆ. ಅಲ್ದೆ ಏಜೆಂಟೇ ಸತ್ತ ಅಂತ ಗೊತ್ತಾದ್ರೆ, ವಿಚಾರಣೆ ಮುಗಿಯೋಗಂಟ ಅವನ ಕೈಲಿದ್ದ ದುಡ್ಡು ಯಾರೂ ಮುಟ್ಟಲ್ಲ. ಸುಮ್ಕಿರು."

ಜಗಲಿಯಲ್ಲಿದ್ದ ಹಿರಿಯರು ಹೌದೌದು ಎಂದರು. ದೇವನಹಳ್ಳಿ ಕಡೆಯ ಈ ವಿಜಯಪುರದ ಮಂದಿಗೆ ಸಾಹೇಬರ ಮೇಲಿರುವ ನಂಬಿಕೆ ಅಷ್ಟಿಷ್ಟಲ್ಲ. ಸಾಹೇಬ ತಡೆದಾನು, ಕಚೇರಿಗೆ ಹೊಸದಾಗಿ ಬಂದ ಯಂತ್ರ ತಡೆಯಬೇಕಲ್ಲ. ಆ ಹೆದರಿಕೆ ಲಕ್ಷ್ಮೀದೇವಮ್ಮನೊಬ್ಬಳಿಗೇ ಗೊತ್ತಿತ್ತು.

ಬಾಗಿಲ ಮೂಲೆಯಲ್ಲಿ ನಂದಗುಡಿಯ ಮುತ್ತಮ್ಮ ಸೆರಗು ಹೊದ್ದು ಕುಳಿತಿದ್ದಳು. ಅವಳ ಗಂಡ ಜವರಪ್ಪ ಕ್ಷಯದಿಂದ ಹಾಸಿಗೆ ಹಿಡಿದಿದ್ದ. ಅವನ ಪಾಲಿಸಿ ಒಮ್ಮೆ ರದ್ದಾದರೆ ಮತ್ತೆ ಡಾಕ್ಟರ ಸರ್ಟಿಫಿಕೇಟು ಬೇಕು. ಆ ಎದೆಗೆ ಯಾವ ಡಾಕ್ಟರು ಬರೆದುಕೊಟ್ಟಾನು? ನಿನ್ನೆ ಕಂತು ಕೊಟ್ಟವಳು ಇವತ್ತು ಸುದ್ದಿ ಕೇಳಿ ಓಡಿ ಬಂದಿದ್ದಳು. ಹೆಣದ ಮುಂದೆ ದುಡ್ಡಿನ ಮಾತೆತ್ತಲು ಬಾಯಿ ಬಾರದೆ ಚೀಲವನ್ನೇ ನೋಡುತ್ತಿದ್ದಳು.

*

ಯುಗಾದಿ ಕಳೆದ ಮೇಲೆ ಒಂದು ಸಂಜೆ ಅವಳ ಗಂಡ ಅಪ್ಪಯ್ಯಣ್ಣ ಬೆಂಗಳೂರಿನಿಂದ ಮುಖ ಸಣ್ಣ ಮಾಡಿಕೊಂಡು ಬಂದಿದ್ದ.

"ಆಫೀಸಿಗೆ ಮಿಷನ್ ತಂದವ್ರೆ ಕಣೆ. ರಟ್ಟಿನ ಚೀಟಿಗೆ ತೂತು ಹೊಡೆದು ಅದರ ಬಾಯಿಗೆ ಕೊಡ್ತಾರೆ. ಕಡೇ ದಿನ ಕಿಟಕಿ ಮುಚ್ಚೋ ಹೊತ್ಗೆ ಯಾರ ಚೀಟಿ ಬಂದಿಲ್ವೋ ಅವರ ಪಾಲಿಸಿ ರದ್ದು."

"ಗುಮಾಸ್ತೆ ರಾಯರಿಗೆ ಹೇಳೋದಲ್ವಾ, ಒಂದೆರಡು ದಿನ ತಡಕೊಳ್ಳಿ ಅಂತ?"

"ರದ್ದು ಅಂತ ಬರೆಯೋಕೆ ಹೊರಟ ರಾಯರು ನನ್ನ ಮುಖ ನೋಡಿ ಪೆನ್ನು ಕೆಳಗಿಡ್ತಿದ್ರು. ಇದು ಯಾರ ಮುಖ ನೋಡ್ತದೆ?"

ಅಲ್ಲಿಗೆ ಅವನ ನಡೆಯೇ ಬದಲಾಯಿತು. ಮೊದಲಾದರೆ ರೇಷ್ಮೆ ಬಿಚ್ಚುವವರ ಮನೆಯಲ್ಲಿ ಕಾಫಿ, ಹೊಲದ ಬದುವಿನಲ್ಲಿ ಎಲೆ ಅಡಿಕೆ, ಮಕ್ಕಳ ಮದುವೆಯ ಮಾತು, ಎಲ್ಲ ಮುಗಿದ ಮೇಲೆ ಕಂತು. ರೇಷ್ಮೆ ಗೂಡು ಮಾರಿ ಕೊಡ್ತೀನಿ ಅಂದವರಿಗೆ ಹೂಂ ಅನ್ನುತ್ತಿದ್ದ. ಈಗ ಕಾಫಿ ಬೇಡ, ಕೂರಲ್ಲ, ಕಂತು ಕಟ್ಟಿ ಅನ್ನೋ ಆಫೀಸಿನ ಕಾಗದ ಬಂದಿದ್ದರೆ ತೋರಿಸಿ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಈ ಮನುಷ್ಯ ಉರಿಬಿಸಿಲಲ್ಲಿ ಸೈಕಲ್ ತುಳಿಯುವುದನ್ನು ಲಕ್ಷ್ಮೀದೇವಮ್ಮನಿಗೆ ನೋಡಲಾಗುತ್ತಿರಲಿಲ್ಲ. ಬಿಟ್ಟುಬಿಡಿ ಅಂದರೆ, "ನನ್ನ ಮಾತು ನಂಬಿ ಹೆಬ್ಬೆಟ್ಟು ಒತ್ತಿದೋರು ಕಣೆ" ಅನ್ನುತ್ತಿದ್ದ. ನಿನ್ನೆ ಸಂಜೆ ನಂದಗುಡಿಯಿಂದ ಬಂದವನು ಸೈಕಲ್ ನಿಲ್ಲಿಸಿ, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಳಿತ. ಮತ್ತೆ ಏಳಲಿಲ್ಲ.

*

ಗಂಡನನ್ನು ಕಳಿಸಿಕೊಡುವ ಮುಂಚೆ ಹೆಂಗಸರು ಅವಳ ಕೆನ್ನೆಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಮುಡಿ ತುಂಬ ಹೂ ಮುಡಿಸಿದರು. ಅದನ್ನೆಲ್ಲ ತೆಗೆಯುವುದು ಹನ್ನೊಂದನೆಯ ದಿನ. ಗಂಡಸರು ಹೆಣ ಎತ್ತಿಕೊಂಡು ಹೊಲದ ಕಡೆ ಹೋದರು. ಅವರು ತಿರುಗಿ ಬಂದು ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡುವಾಗ ಹೆಂಡತಿಯಾದವಳು ದೀಪದ ಬಳಿ ಇರಬೇಕು.

ಲಕ್ಷ್ಮೀದೇವಮ್ಮ ಸ್ನಾನಕ್ಕೂ ನಿಲ್ಲದೆ ಚೀಲ ಹಿಡಿದು ಹಿತ್ತಿಲಿಗೆ ಬಂದಳು. ಗಂಡನ ಜೊತೆ ಹೋಗಿ ಆ ಕಚೇರಿ ಕಂಡಿದ್ದವಳು ಮನೆಯಲ್ಲಿ ಅವಳೊಬ್ಬಳೇ. ಮುತ್ತಮ್ಮ ಹಿಂದೆಯೇ ಬಂದಳು.

"ಬ್ಯಾಡ ಕಣಕ್ಕ. ಜನ ಏನಂದಾರು?"

"ಅನ್ನಲಿ. ನೀನು ಬಾಗಿಲಲ್ಲಿ ನಿಂತ್ಕೊ. ಕೇಳಿದ್ರೆ ತಲೆ ಸುತ್ತಿ ಮಲಗವ್ಳೆ ಅನ್ನು."

ಬೆಂಗಳೂರಿನ ಬಸ್ಸು ದೇವನಹಳ್ಳಿಯಲ್ಲಿ ನಿಂತದ್ದು ಹೊರಡುವ ಹಾಗೇ ಕಾಣಲಿಲ್ಲ. ಅವಳು ಮತ್ತೆ ಮತ್ತೆ ಕತ್ತು ಚಾಚಿ ಡ್ರೈವರನ ಸೀಟು ನೋಡಿದಳು. ಊರಲ್ಲಿ ಮಣ್ಣು ಹಾಕುವುದು ಮುಗಿದಿರುತ್ತದೆ, ಮನೆಯಲ್ಲಿ ಹುಡುಕುತ್ತಿರುತ್ತಾರೆ. ಪಕ್ಕದ ಹೆಂಗಸು ಜರುಗಿ ಜಾಗ ಮಾಡುತ್ತ, "ಮದುವೆಗೆ ಹೊಂಟ್ರಾ?" ಎಂದು ಕೇಳಿದಳು. ಲಕ್ಷ್ಮೀದೇವಮ್ಮ ಹೂಂ ಅಂದಳು.

ಕಚೇರಿ ಮುಟ್ಟುವಾಗ ಗುಮಾಸ್ತ ಕಿಟಕಿ ಎಳೆದುಕೊಳ್ಳುತ್ತಿದ್ದ. ರಾಯರ ಜಾಗದಲ್ಲಿ ಯಾರೋ ಹೊಸ ಹುಡುಗ. ಚೀಲದ ಮೇಲಿನ ಹೆಸರು ಓದಿ ಕೇಳಿದ, "ಅಪ್ಪಯ್ಯಣ್ಣನವರ ಮನೆಯವರಾ? ಅವರು ಯಾಕೆ ಬರಲಿಲ್ಲ?"

ಗಂಗಣ್ಣ ಹೇಳಿದ ವಿಚಾರಣೆ ಅವಳ ಕಣ್ಣ ಮುಂದೆ ಬಂತು.

"ಮಲಗವ್ರೆ ಸ್ವಾಮಿ."

ಹುಡುಗ ಅವಳ ಹಣೆ, ಮುಡಿ ನೋಡಿದ. ಅನುಮಾನ ಪಡುವಂಥದ್ದೇನೂ ಅವನಿಗೆ ಕಾಣಲಿಲ್ಲ. ದುಡ್ಡು ಎಣಿಸಿ ರಸೀತಿಗಳಿಗೆ ಮೊಹರು ಒತ್ತಿದ. ಜವರಪ್ಪನದೂ ಬಂತು.

"ಹೀಗೆ ಕಡೇ ಗಳಿಗೆವರೆಗೂ ಇಟ್ಕೋಬೇಡಿ ಅಂತ ಅವರಿಗೆ ಹೇಳಿ ಅಮ್ಮ."

"ಹೇಳ್ತೀನಿ."

ಅವನು ಕಂತು ಕಟ್ಟಿದವರ ರಟ್ಟಿನ ಚೀಟಿಗಳನ್ನು ಒಳಕ್ಕೆ ಕೊಂಡೊಯ್ದ. ಗೋಡೆಯಾಚೆ ಯಂತ್ರ ಟಕಟಕ ಶುರುವಾಯಿತು. ಬೆಂಚಿನ ಮೇಲೆ ಕುಸಿದ ಲಕ್ಷ್ಮೀದೇವಮ್ಮನಿಗೆ ಹೊಟ್ಟೆಯೊಳಗಿಂದ ಅಳು ಒತ್ತರಿಸಿ ಬಂತು. ಎಲ್ಲರ ಚೀಟಿ ಯಂತ್ರದ ಒಳಗೆ ಹೋಯಿತೋ ಇಲ್ಲವೋ ಯಾರಿಗೆ ಗೊತ್ತು? ಅಷ್ಟರಲ್ಲಿ ಅತ್ತು ಸಾವಿನ ಸುದ್ದಿ ಹೊರಬಿದ್ದರೆ ತಡೆದುಬಿಟ್ಟಾರು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಯಂತ್ರದ ಸದ್ದು ನಿಲ್ಲುವುದನ್ನೇ ಕಾಯುತ್ತ ಕುಳಿತಳು.