ಹಿಂದೆ ಬರುವವರಿಗೆ

"ಬೇಡ," ಎಂದ ಅವನು, ಅಂಗಡಿಯವನು ಎರಡನೆಯ ಸೈಕಲ್ಲನ್ನು ಗೋಡೆಯ ಕೊಕ್ಕೆಯಿಂದ ಇಳಿಸುವ ಮೊದಲೇ.

"ಒಂದ್ಸಲ ಕೂತು ನೋಡಿ ಸಾರ್. ಹಿಂದೂ ಮುಂದೂ ಸಸ್ಪೆನ್ಷನ್ ಇದೆ. ಕಲ್ಲು ಹತ್ತಿದ್ದೇ ಗೊತ್ತಾಗಲ್ಲ."

"ನನಗೆ ಗೊತ್ತಾಗ್ಬೇಕು."

ಭಾವ ನಕ್ಕರು. ಹೆಂಡತಿಯ ಅಣ್ಣ, ಸೈಕಲ್ ತಂಡದ ನಾಯಕ. ಕರೆಯದಿದ್ದರೂ ಅಂಗಡಿಗೆ ಬಂದಿದ್ದರು. "ಹಟ ಮಾಡ್ಬೇಡಿ ಮೇಷ್ಟ್ರೇ. ಈ ವಯಸ್ಸಲ್ಲಿ ಬೆನ್ನು ಹೇಳಿದ ಮಾತು ಕೇಳಲ್ಲ."

ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದುದರಿಂದ ತಂಡಕ್ಕೆಲ್ಲ ಅವನು ಮೇಷ್ಟ್ರು. ಹೆದ್ದಾರಿಯಲ್ಲಿ ಮಾತ್ರ ವರ್ಷಗಟ್ಟಲೆ, ಎದುರುಗಾಳಿ ತಡೆಯುವ ಭಾವನ ಗಾಳಿಮರೆಯಲ್ಲಿ, ಅವರ ಹಿಂದಿನ ಚಕ್ರಕ್ಕೆ ಗೇಣು ಬಿಟ್ಟು, ಅವರ ಬೆನ್ನನ್ನೇ ನೋಡುತ್ತ ತುಳಿದಿದ್ದ. ರಸ್ತೆಯಲ್ಲಿ ಗುಂಡಿ ಬಂದರೆ ಮುಂದಿನವನು ಕೈ ಇಳಿಸಿ ಬೆರಳು ತೋರಿಸಬೇಕು. ಅದನ್ನು ನೋಡಿದವನು ತನ್ನ ಹಿಂದಿನವನಿಗೆ ತೋರಿಸಬೇಕು. ಹೀಗೆ ಬೆರಳು ಸಾಲಿನ ಕೊನೆಯವರೆಗೂ ಹೋಗುತ್ತಿತ್ತು. ಗುಂಡಿಯನ್ನು ನೋಡಿದವರು ಕಡಿಮೆ.

ಹೋದ ಭಾನುವಾರ ಚಹಾ ಕುಡಿಯುವಾಗ ಭಾವ ಎಲ್ಲರೆದುರು ಹೇಳಿದ್ದರು: "ಮುಂದೆ ನಾನಿಲ್ದಿದ್ರೆ ನಮ್ಮ ಮೇಷ್ಟ್ರು ಬಸ್ ಸ್ಟ್ಯಾಂಡೂ ದಾಟಲ್ಲ." ಎಲ್ಲರೂ ನಕ್ಕರು. ಅವನೂ ನಕ್ಕ. ಮೈ ಉರಿದದ್ದು ಆ ಮಾತಿಗಲ್ಲ, ತಾನೂ ನಕ್ಕಿದ್ದಕ್ಕೆ. ಮರುದಿನವೇ ಹೋಗಿ ಗುಡ್ಡದ ರೇಸಿಗೆ ಹೆಸರು ಕೊಟ್ಟು ಬಂದ. ಅಲ್ಲಿಯ ಕಾಡುಹಾದಿ ಒಬ್ಬನಿಗಾಗುವಷ್ಟೇ ಅಗಲ. ಗಾಳಿಮರೆ ಅಲ್ಲಿ ಯಾರಿಗೂ ಸಿಗುವುದಿಲ್ಲ.

"ಇದು," ಎಂದು ಮೂಲೆಯಲ್ಲಿದ್ದ ಹಗುರ ಸೈಕಲ್ ತೋರಿಸಿದ. ಮುಂದೆ ಮಾತ್ರ ಸಸ್ಪೆನ್ಷನ್, ಹಿಂದೆ ಬರೀ ಬಿಗಿ ಕೊಳವೆಗಳು.

"ಹತ್ತೋಕೆ ಚೆನ್ನಾಗಿದೆ ಸಾರ್. ಇಳಿಯುವಾಗ ಪೆಟ್ಟೆಲ್ಲ ನೇರ ಸೊಂಟಕ್ಕೇ ಬರುತ್ತೆ."

"ಬರಲಿ. ನನ್ನ ಸೊಂಟ ತಾನೆ?"

ಅಗಲ ಹ್ಯಾಂಡಲ್ ಹಿಡಿದಾಗ ತೋಳುಗಳು ಯಾರನ್ನೋ ಅಡ್ಡಗಟ್ಟುವಂತೆ ಚಾಚಿಕೊಂಡವು. ಅದು ಅವನಿಗೆ ತುಂಬಾ ಹಿಡಿಸಿತು. ಭಾವ ಬಾಗಿಲಿಗೆ ಅಡ್ಡ ನಿಂತಿದ್ದರು. ಗಂಟೆ ಬಾರಿಸಿದ, ಅವರು ಸರಿದರು.

ಮನೆಯಲ್ಲಿ ಹೆಂಡತಿ ಸೈಕಲ್ಲನ್ನು ನೋಡಿದಳು, ಅವನನ್ನು ನೋಡಲಿಲ್ಲ.

"ಯಾರ ಜೊತೆ ಹೋಗ್ತಿದೀರಾ?"

"ಒಬ್ನೇ."

"ಅಣ್ಣ ಬರ್ತಾನಾ?"

"ಒಬ್ನೇ ಅಂದೆನಲ್ಲ."

"ಸರಿ. ಫೋನ್ ಮರೀಬೇಡಿ."

ಬೇಕೆಂದೇ ಅದನ್ನು ಮೇಜಿನ ಮೇಲೆ ಬಿಟ್ಟು ರೇಸಿನ ಹಾದಿಯಲ್ಲಿ ಅಭ್ಯಾಸಕ್ಕೆ ಹೊರಟ.

ಗುಡ್ಡ ಹತ್ತುವಾಗ ಎದೆ ಒಡೆಯುವಂತಾದರೂ ಖುಷಿಯಾಯಿತು. ಮುಂದೆ ಯಾರ ಬೆನ್ನೂ ಇಲ್ಲ. ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಒದ್ದಾಡಿದ. ನೆತ್ತಿ ಮುಟ್ಟಿ, ನೋಡಿ ಭಾವ, ಎಂದು ಜೋರಾಗಿಯೇ ಹೇಳಿದ.

ಇಳಿಜಾರಿನ ತಿರುವಿನಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲೊಂದು ಕಂಡಿತು. ಅಲ್ಲಿ ಹಾದಿ ತುಸು ಅಗಲವಾಗಿದ್ದು, ಪಕ್ಕಕ್ಕೆ ಸರಿಯಲು ಬೇಕಾದಷ್ಟು ಜಾಗವಿತ್ತು. ಅಷ್ಟರಲ್ಲಿ ಬಲಗೈ ಹ್ಯಾಂಡಲ್ ಬಿಟ್ಟು ಕೆಳಗಿಳಿಯಿತು, ಕಲ್ಲಿಗೆ ಬೆರಳು ತೋರಿಸಿತು. ಒಂದೇ ಕೈಯಲ್ಲಿ ಉಳಿದ ಸೈಕಲ್ ಅಡ್ಡ ತಿರುಗಿ ಅವನನ್ನು ಪೊದೆಗೆ ಎಸೆಯಿತು.

ಮೊಣಕೈ ತರಚಿತ್ತು. ಯಾರೂ ನೋಡಲಿಲ್ಲ ಎಂದು ಸಮಾಧಾನವಾಯಿತು. ಆಮೇಲೆ, ನಿಜವಾಗಿಯೂ ಯಾರೂ ನೋಡಲಿಲ್ಲವೇ ಎಂದು ಹಿಂದೆ ತಿರುಗಿ ಹುಡುಕಿದ. ತನ್ನ ಮೇಲೆ ಅಸಹ್ಯವಾಯಿತು.

"ಯಾರಿಗೋ ತೋರಿಸಿದ್ದು?" ಎಂದು ಕೈಯನ್ನೇ ಗದರಿದ.

ಸೈಕಲ್ಲನ್ನು ಮತ್ತೆ ಮೇಲಕ್ಕೆ ತಳ್ಳಿದ. ಇಳಿದ. ಕೈ ಮತ್ತೆ ಕಲ್ಲು ತೋರಿಸಲು ಇಳಿಯಿತು, ಮತ್ತೆ ಬಿದ್ದ. ಮೊಣಕಾಲು ಊದಿಕೊಂಡಿತು. ಮನೆಗೆ ಹೋಗಬಹುದಿತ್ತು, ಭಾನುವಾರ ಆ ಬೆನ್ನಿನ ಹಿಂದೆ ಗೇಣು ಬಿಟ್ಟು ಜಾಗ ಕಾದೇ ಇರುತ್ತಿತ್ತು. ಥೂ, ಎಂದು ಉಗಿದು ಇನ್ನೊಮ್ಮೆ ತಳ್ಳಿಕೊಂಡು ಹತ್ತಿದ.

ಈ ಸಲ ಎರಡೂ ಕೈಗಳನ್ನು ಗೆಣ್ಣು ಬಿಳುಚುವಷ್ಟು ಬಿಗಿಹಿಡಿದ. ಕಲ್ಲು ಹತ್ತಿರವಾಯಿತು. "ಇಲ್ಲ!" ಎಂದು ಅರಚಿದ. ಕೈ ಅಲುಗಲಿಲ್ಲ. ಆದರೆ ಬ್ರೇಕಿನ ಮೇಲಿದ್ದ ತೋರುಬೆರಳು ಬ್ರೇಕನ್ನು ಬಿಟ್ಟು, ಖಾಲಿ ಹಾದಿಯಲ್ಲಿ ಹಿಂದೆ ಬರುವವರಿಗಾಗಿ, ನಿಧಾನವಾಗಿ ಕಲ್ಲಿನ ಕಡೆ ಚಾಚಿಕೊಂಡಿತು.