ರನ್‌ವೇ ಮೇಲಿನ ತೊಗರಿ

ಆರು ವರ್ಷದಲ್ಲಿ ಒಂದೇ ಒಂದು ವಿಮಾನ ಇಳಿಯದ ರನ್‌ವೇ ಕಾಯುವುದೆಂದರೆ ಏನೆಂದು ಯುನೂಸನನ್ನೇ ಕೇಳಬೇಕು. ದ್ರಾಕ್ಷಿ ರಫ್ತಿನ ಮಾಲೀಕರೊಬ್ಬರು ಅಗರಖೇಡದ ಆಚೆ ಹೊಲದ ನಡುವೆ ಡಾಂಬರು ಹಾಕಿಸಿ ಹೋದವರು ಮತ್ತೆ ತಿರುಗಿ ನೋಡಿರಲಿಲ್ಲ. ಅಷ್ಟು ಚೊಕ್ಕ ಕಣ ಇಂಡಿ ತಾಲೂಕಿನಲ್ಲಿ ಇನ್ನೊಂದಿಲ್ಲವೆಂದು ಊರಿಗೆ ತಿಳಿಯಲು ಒಂದು ಸುಗ್ಗಿ ಸಾಕಾಯಿತು. ಜೋಳ, ಕಡಲೆ, ತೊಗರಿ ಎಲ್ಲ ಅಲ್ಲೇ ಒಣಗತೊಡಗಿದವು. ಬೇಡವೆಂದು ಹೇಳಿ ಹೇಳಿ ಯುನೂಸನ ಬಾಯಿ ಸೋತಿತ್ತು.

ಆ ಮಂಗಳವಾರ ಬೆಳಿಗ್ಗೆ ಫೋನು ಬಂತು. ಹನ್ನೊಂದಕ್ಕೆ ಮಾಲೀಕರ ವಿಮಾನ ಇಳಿಯುತ್ತದೆ. ಎಲ್ಲ ಸರಿಯಿದ್ದರೆ ಯುನೂಸನ ನೌಕರಿ ಅಂದೇ ಕಾಯಂ. ಸರಿಯಿಲ್ಲದಿದ್ದರೆ ಏನೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಎಲ್ಲರೂ ಬೈದುಕೊಂಡೇ ತಮ್ಮ ಕಾಳು ಬಾಚಿಕೊಂಡು ಹೋದರು. ಉಳಿದದ್ದು ರುಕ್ಮಿಣೀಬಾಯಿಯವರ ತೊಗರಿ. ಅವರು ಯುನೂಸನಿಗೆ ನಾಲ್ಕನೆಯ ಇಯತ್ತೆ ಕಲಿಸಿದ ಅಕ್ಕೋರು. ಈಗ ತೊಗರಿ ಹರಡಿದ ತಾಡಪತ್ರಿಯ ಅಂಚಿನಲ್ಲಿ ಕುರ್ಚಿ ಹಾಕಿ, ಛತ್ರಿ ಹಿಡಿದು ಕೂತಿದ್ದರು. ರಸ್ತೆಯ ಮೇಲೆ ರಾಶಿ ಹಾಕುವವರೆಲ್ಲ ಮಾಡುವಂತೆ, ಗಾಡಿ ಹಾಯಬಾರದೆಂದು ತೊಗರಿಯ ಸುತ್ತ ಸಾಲಾಗಿ ಕಲ್ಲು ಇಟ್ಟಿದ್ದರು. ವಿಮಾನವನ್ನೂ ಕಲ್ಲಿಟ್ಟು ತಡೆಯುವ ಹೆಣ್ಣುಮಗಳು!

“ಅಕ್ಕೋರ, ಕೈ ಮುಗೀತೇನಿ, ಎತ್ತಿಸ್ರಿ. ವಿಮಾನ ಬರಾಕತ್ತೈತಿ.”

“ಆರು ವರ್ಷಾತು ನಿನ್ನ ವಿಮಾನ ಬರ್ಲಿಕ್ಕೆ ಹತ್ತಿ, ಯುನೂಸ್ಯಾ. ತೊಗರಿ ಇನ್ನೂ ಹಸಿ ಅದ. ಅರ್ಧ ರಸ್ತಾ ಖಾಲಿ ಅದಲ್ಲ, ಬಾಜೂಕ ಹಾಯ್ದು ಹೋಗ್ಲಿ.”

“ಅದೇನು ಟಂಟಂ ರಿಕ್ಷಾ ಏನ್ರಿ, ಬಾಜೂಕ ಹಾಯಾಕ!”

ಇನ್ನೊಬ್ಬರಾಗಿದ್ದರೆ ಯುನೂಸ ಆ ತೊಗರಿಯನ್ನು ಹೊಲಕ್ಕೆ ಚೆಲ್ಲಿಬಿಡುತ್ತಿದ್ದ. ಮಗ್ಗಿ ತಪ್ಪಿದ್ದಕ್ಕೆ ಕಿವಿ ಹಿಂಡಿದ ಕೈ ಇದು, ಏನು ಮಾಡುವುದು? ಹತ್ತೂವರೆಗೂ ವಾದ ನಡೆದೇ ಇತ್ತು, ಮೇಲೆ ಗುಂಯ್ ಎಂದಿತು. ಅರ್ಧ ತಾಸು ಮೊದಲೇ! ವಿಮಾನ ತಗ್ಗಿ ಬಂದು, ತೊಗರಿ ಕಂಡು, ಅಬ್ಬರಿಸಿ ಮತ್ತೆ ಮೇಲೇರಿತು. ಅಕ್ಕೋರ ಛತ್ರಿ ಉಲ್ಟಾ ಆಯಿತು.

“ನೀವು ಆ ತುದಿ ಹಿಡೀರಿ! ಕಲ್ಲು ಆಮ್ಯಾಲ ನಾ ತಗೀತೇನಿ!” ಎಂದು ಯುನೂಸ ಕಿರುಚಿದ.

ಎಪ್ಪತ್ತು ದಾಟಿದ ಅಕ್ಕೋರು ಸೆರಗು ಸಿಕ್ಕಿಸಿ ತಾಡಪತ್ರಿ ಎಳೆದರು. ತೊಗರಿ ಡಾಂಬರಿನ ಅಂಚಿಗೆ ಹೋಯಿತು. ಅಷ್ಟರಲ್ಲಿ ದೂರದ ತುದಿಯಲ್ಲಿ ಯಾರದೋ ಆಡಿನ ಹಿಂಡು ರನ್‌ವೇ ಹತ್ತಿತು. ಅವಕ್ಕೂ ಇವತ್ತೇ ಬೇಕಿತ್ತೆ! ಯುನೂಸ ಬೈಯುತ್ತ ಓಡಿದ, ಆಡುಗಳನ್ನು ಅಟ್ಟಿದ, ವಿಮಾನಕ್ಕೆ ಬಾ ಎಂದು ಟವೆಲ್ಲು ಬೀಸಿದ. ಕರಿ ಡಾಂಬರಿನ ಮೇಲಿನ ಕರಿಕಲ್ಲು ಮೇಲಿನಿಂದ ಯಾರಿಗೆ ಕಾಣುತ್ತದೆ? ಗಾಲಿ ನೆಲ ಮುಟ್ಟಿದ ಮೇಲೆಯೇ ಯುನೂಸನಿಗೆ ಅವು ನೆನಪಾದವು.

ವಿಮಾನ ಪುಟಿದು, ಒಂದು ಕಡೆ ವಾಲಿ, ಲಿಂಬೆ ತೋಟಕ್ಕೆ ನುಗ್ಗಿ ಮೂತಿ ಊರಿ ನಿಂತಿತು. ಒಳಗಿದ್ದವರು ಇಬ್ಬರೇ. ಮಾಲೀಕರು ಮೈತುಂಬ ಮುಳ್ಳು ಚುಚ್ಚಿಸಿಕೊಂಡು ಹೊರಬಂದರು. ಪೈಲಟ್ ಅರುಣಕುಮಾರನ ಕೈ ಮುರಿದಿತ್ತು. ಸದ್ಯ ಜೀವಕ್ಕೇನೂ ಆಗಲಿಲ್ಲವೆಂದು ಯುನೂಸ ಉಸಿರು ಬಿಟ್ಟ.

“ಈ ಕಲ್ಲು ಯಾರಿಟ್ಟಾರ?” ಮಾಲೀಕರು ಗರ್ಜಿಸಿದರು.

“ನಾ ಇಟ್ಟೀನ್ರಿ,” ಎಂದು ರುಕ್ಮಿಣೀಬಾಯಿ ಮುಂದೆ ಬಂದರು. “ಇವ ಮುಂಜಾನಿಂದ ಬ್ಯಾಡ ಬ್ಯಾಡ ಅಂತ ಬಡಕೊಂಡ. ನಾ ಕೇಳಲಿಲ್ಲ. ಏನ್ ಮಾಡ್ತೀರಿ ಮಾಡ್ರಿ.”

ಮಾಲೀಕರು ಯುನೂಸನತ್ತ ತಿರುಗಿದರು. ಹೌದೆಂದು ತಲೆಯಾಡಿಸಿದ್ದರೆ ನೌಕರಿ ಉಳಿಯುತ್ತಿತ್ತು. ಆದರೆ ಪೈಲಟ್ ಮುರಿದ ಕೈಯನ್ನು ಎದೆಗೊತ್ತಿಕೊಂಡು ಲಿಂಬೆಯ ಬುಡದಲ್ಲಿ ನರಳುತ್ತಿದ್ದ. ಟವೆಲ್ಲು ಬೀಸಿ ಅವನನ್ನು ಕರೆದದ್ದು ಯುನೂಸನೇ.

“ಕಲ್ಲು ನಾ ತಗೀತೇನಿ ಅಂದಿದ್ನಿರಿ. ಮರ್ತೆ. ತಪ್ಪು ನಂದ ಐತ್ರಿ.”

ಆಂಬುಲೆನ್ಸು ಇಂಡಿಯ ಕಡೆ ಹೊರಡುವ ಮೊದಲೇ ಅವನ ನೌಕರಿ ಹೋಗಿತ್ತು. ಗೇಟಿನ ಕೀಲಿ ಒಪ್ಪಿಸಿ ಬಂದವನನ್ನು ಕಂಡು ಅಕ್ಕೋರ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

“ಹುಚ್ಚಪ್ಯಾಲಿ! ಕಲ್ಲು ನಾ ಇಟ್ಟೀನಿ ಅಂತ ಹೇಳಿದ್ನಲ್ಲೋ, ಸುಮ್ಮನಿರ್ಲಿಕ್ಕೆ ಏನಾಗಿತ್ತು ನಿನಗ? ನಾ ರಿಟೈರ್ ಆಗಿ ಹನ್ನೊಂದು ವರ್ಷಾತು. ನನ್ನ ಯಾವ ನೌಕರಿ ಕಸಗೋತಿದ್ರು ಅವರು?”