ನದಿ ಕಾಣುವ ಬೀದಿ

ನಮ್ಮ ಕಚೇರಿಯ ಯಜಮಾನರಿಗೆ ನಾವಿಟ್ಟ ಅಡ್ಡಹೆಸರು ಎತ್ತರಪ್ಪ. ಅವರ ಪೆನ್ಸಿಲ್ಲಿಗೆ ಮೇಲಕ್ಕೆ ಹೋಗುವುದು ಬಿಟ್ಟು ಬೇರೆ ದಾರಿಯೇ ಗೊತ್ತಿಲ್ಲ. ಪೇಟೆಯಿಂದ ನದಿಗೆ ನೆಟ್ಟಗೆ ಇಳಿಯುವ ಬೀದಿಯನ್ನು ಹೊಸದಾಗಿ ರೂಪಿಸುವ ಕೆಲಸ ಸಿಕ್ಕಿದ್ದೇ ತಡ, ಅದರ ತುದಿಗೆ ನಕ್ಷೆಯಲ್ಲಿ ಮನೆಯೆತ್ತರದ ಕಟ್ಟೆ ಎಬ್ಬಿಸಿದರು. ನದಿ ನೋಡಬೇಕೆಂದರೆ ಅದನ್ನು ಹತ್ತಬೇಕಂತೆ! ನನಗೆ ಮೈಯೆಲ್ಲ ಉರಿಯಿತು. ಪೇಟೆಯಲ್ಲಿ ನಿಂತವರಿಗೇ ನೀರು ಕಾಣಬೇಕು, ಕಾಲು ತಾನಾಗಿ ಆ ಕಡೆ ಹೊರಡಬೇಕು. ನನ್ನ ನಕ್ಷೆಯಲ್ಲಿದ್ದದ್ದು ಎರಡು ಸಾಲು ಮರ, ನೀರಿನವರೆಗೆ ಅಗಲವಾದ ಮೆಟ್ಟಿಲು, ಅಷ್ಟೆ.

ಒಪ್ಪಿಗೆ ಕೊಡಲು ನಗರಸಭೆಯ ಅಧ್ಯಕ್ಷೆ ಬಂದರು. ಊರಿಗೆಲ್ಲ ಅವರು ಅಕ್ಕ. ಮೇಜಿನ ಮೇಲೆ ಎತ್ತರಪ್ಪನವರ ಬೀದಿಯ ರಟ್ಟಿನ ಮಾದರಿಯೇ ಇತ್ತು. ಅವತ್ತು ಅಕ್ಕ ಹೂಂ ಅಂದರೆ ನನ್ನ ಬೀದಿಯ ಕಥೆ ಮುಗಿದಂತೆ. ಎಲ್ಲರೂ ಸುತ್ತ ನಿಂತು ಮೇಲಿನಿಂದ ನೋಡುತ್ತಿದ್ದರು. ಹಾಗೆ ನೋಡಿದರೆ ಯಾವ ಗೋಡೆ ತಾನೆ ಅಡ್ಡ ಬರುತ್ತದೆ? ನಮ್ಮ ಕಸುಬಿನವರ ತಪ್ಪೇ ಇದು, ಕಾಗೆಯ ಕಣ್ಣಿಗೆ ಊರು ಕಟ್ಟುತ್ತೇವೆ.

“ಚೆನ್ನಾಗಿದೆ ಅಲ್ವಾ ಮೇಡಂ?” ಎಂದರು ಎತ್ತರಪ್ಪ.

ನನಗೆ ತಡೆಯಲಾಗಲಿಲ್ಲ. ಮಾದರಿಯನ್ನು ಎತ್ತಿ ಪಕ್ಕದ ಗಿಡ್ಡ ಬೀರುವಿನ ಮೇಲಿಟ್ಟೆ. ಬೀದಿ ಅಧ್ಯಕ್ಷೆಯ ಕಣ್ಣಿನ ಮಟ್ಟಕ್ಕೆ ಬಂತು.

“ಏನಮ್ಮಾ, ತಲೆ ಕೆಟ್ಟಿದ್ಯಾ?” ಎತ್ತರಪ್ಪ ರೇಗಿದರು.

“ಅಕ್ಕಾ, ನೀವೀಗ ಪೇಟೇಲಿದ್ದೀರ. ಕೈಯಲ್ಲಿ ತರಕಾರಿ ಚೀಲ. ಎದುರಿಗೆ ಏನು ಕಾಣ್ತಿದೆ?”

ಅವರು ಒಂದು ಕಣ್ಣು ಮುಚ್ಚಿ ನೋಡಿದರು. “ಗೋಡೆ ಕಣಮ್ಮಾ. ನದಿ ಎಲ್ಲಿ?”

ಕಟ್ಟೆಯನ್ನು ಹಿಡಿದು ಎಳೆದೆ. ಅಂಟು ಪಟ್ಟನೆ ಬಿಟ್ಟಿತು. ಎತ್ತರಪ್ಪನವರ ಮುಖ ಇಂಗು ತಿಂದ ಮಂಗನಂತಾಯಿತು.

“ಈಗ ನೀರು ಕಾಣ್ತು,” ಎಂದರು ಅಧ್ಯಕ್ಷೆ. “ಹೀಗೇ ಇರ್ಲಿ.”

ಬೀದಿ ತೆರೆದ ಸಂಜೆ ಪೇಟೆಯ ತುದಿಯಲ್ಲಿ ವೇದಿಕೆ ಹಾಕಿದ್ದರು. ಅಧ್ಯಕ್ಷೆ ಮೈಕ್ ಹಿಡಿದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಜನ ಒಬ್ಬೊಬ್ಬರಾಗಿ ಎದ್ದು, ಮರಗಳ ನಡುವೆ ನದಿಯ ಕಡೆ ನಡೆಯತೊಡಗಿದರು. ಯಾರೂ ಕರೆದಿರಲಿಲ್ಲ. ನೋಡನೋಡುತ್ತಲೇ ಕುರ್ಚಿಗಳೆಲ್ಲ ಖಾಲಿ. ನನಗೆ ಅಲ್ಲೇ ಕುಣಿದುಬಿಡುವಷ್ಟು ಖುಷಿಯಾಯಿತು.

“ನಿನ್ನ ಬೀದಿ ನನ್ನ ಭಾಷಣ ನುಂಗಿಹಾಕ್ತಲ್ಲೇ!” ಅಧ್ಯಕ್ಷೆ ನಗುತ್ತಾ ಮೈಕ್ ಇಟ್ಟು ತಾವೂ ಹೊರಟರು.

ವೇದಿಕೆಯ ಮೇಲೆ ಉಳಿದವರು ಎತ್ತರಪ್ಪ ಒಬ್ಬರೇ.

“ಇಳಿದು ಬನ್ನಿ ಸಾರ್, ನಡೆಯೋಣ,” ಎಂದೆ.

ಮುಖ ಗಂಟಿಕ್ಕಿಕೊಂಡೇ ಬಂದರು. ಕೊನೆಯ ಮೆಟ್ಟಿಲಲ್ಲಿ ಶೂ ಬಿಚ್ಚಿ, ಪ್ಯಾಂಟು ಮಡಚಿ, ನೀರಿಗೆ ಕಾಲು ಇಳಿಬಿಟ್ಟು ಕೂತರು. ಕತ್ತಲಾಯಿತು ಹೋಗೋಣ ಎಂದು ಎಷ್ಟು ಕರೆದರೂ ಏಳಲಿಲ್ಲ.